ಅರ್ಧ ಲೋಟ

ಪಿತೃಪಕ್ಷಕ್ಕೆಂದು ತಂದ ಬ್ರಾಂದಿ ಬಾಟಲಿಯ ಮುಚ್ಚಳ ತಿರುಗಿಸಿದರೆ ಇಂದಿಗೂ ನಾನು ಮೂಗು ಮುಚ್ಚಿಕೊಳ್ಳುತ್ತೇನೆ.

ಕುಡಿದು ಕುಡಿದೇ ಸತ್ತ ಅಪ್ಪನಿಗೆ ಆ ವರ್ಷ ಮೊದಲ ಎಡೆ; ನನಗಾಗ ಏಳೆಂಟು ವರ್ಷ. ಚಿಕ್ಕಪ್ಪ ಅರಕಲಗೂಡಿನಿಂದ ತಂದ ಬ್ರಾಂದಿಯನ್ನು ಅಮ್ಮ ಮೂಗಿಗೆ ಸೆರಗು ಒತ್ತಿಕೊಂಡು ಲೋಟಕ್ಕೆ ಸುರಿದು, ಮುದ್ದೆ, ಕೋಳಿಸಾರಿನ ಪಕ್ಕ ಇಟ್ಟಳು.

"ಅವ್ನಿಗ್ ಇಷ್ಟವಾದ್ದು ಮಡಗ್ದಿದ್ರೆ ಅವ್ನು ಬರಾಕಿಲ್ಲ ಕಣವ್ವ," ಎಂದಿದ್ದಳು ಅಜ್ಜಿ.

ಸತ್ತವರು ಬಂದು ಉಣ್ಣಲೆಂದು ನಾವೆಲ್ಲ ಹೊರಗೆ ಬಂದೆವು. ಕೊನೆಗೆ ಹೊರಬಂದ ಚಿಕ್ಕಪ್ಪ ಬಾಗಿಲು ಹಾಕಿದ.

ಮತ್ತೆ ತೆರೆದಾಗ ಲೋಟ ಅರ್ಧವಾಗಿತ್ತು. ಅಜ್ಜಿ ಕೈಮುಗಿದು ಅತ್ತಳು. "ಬಂದಿದ್ದ ಕಣವ್ವ, ನನ್ ಮಗ!"

ಚಿಕ್ಕಪ್ಪ ಉಳಿದದ್ದನ್ನು ನನ್ನ ತುಟಿಗೆ ಹಿಡಿದ. "ಅಪ್ಪನ ಪರ್ಸಾದ, ಕುಡಿ ಮಗಾ. ಕಬ್ಬಿನ್ ಕಾಕಂಬೀಲಿ ಮಾಡಿರೋದು, ಬೆಲ್ದಂಗೆ ಇರ್ತದೆ."

ಬೆಲ್ಲದಂತಿರಲಿಲ್ಲ. ಕೊಳೆತ ಹಣ್ಣಿಗೆ ಸೀಮೆಎಣ್ಣೆ ಸುರಿದಂತಿತ್ತು. ಅದೇ ನಾತ ಅವನ ಬಾಯಿಂದ, ಒದ್ದೆ ಮೀಸೆಯಿಂದ ಬಿಸಿಬಿಸಿಯಾಗಿ ನನ್ನ ಮುಖಕ್ಕೆ ಹೊಡೆಯಿತು. ಎಡೆಯ ಎಲೆಯ ಮೇಲೇ ಕಾರಿಕೊಂಡೆ.

ನನ್ನ ಬಾಯಿ ಒರೆಸುತ್ತಾ ಅಮ್ಮ ಆ ಮೀಸೆಯನ್ನೇ ನೋಡಿದಳು. ಅಜ್ಜಿ ಇತ್ತ ತಿರುಗುವ ಮೊದಲೇ ಲೋಟ ಎತ್ತಿಕೊಂಡು ತೊಳೆಯಲು ಹೋದಳು.

ಈಗ ಅಪ್ಪನ ಫೋಟೋದ ಪಕ್ಕ ಚಿಕ್ಕಪ್ಪನದೂ ಇದೆ. ಎರಡು ಲೋಟ ಇಟ್ಟು ಬಾಗಿಲು ಹಾಕುತ್ತೇವೆ. ತೆರೆದಾಗ ಎರಡೂ ತುಂಬಿಯೇ ಇರುತ್ತವೆ.