ಸೂಜಿ ಚುಚ್ಚದ ತತ್ತಿ

ಮೈಕ್ರೋವೇವಿನಲ್ಲಿ ಬೇಯಿಸುವ ಮುನ್ನ ಈಗಲೂ ನಾನು ತತ್ತಿಯ ಹಳದಿಗೆ ಸೂಜಿ ಚುಚ್ಚುತ್ತೇನೆ.

ಗಜೇಂದ್ರಗಡದ ನಮ್ಮ ಮನೆಯ ಹೊಸ್ತಿಲನ್ನು ತತ್ತಿ ಎಂದೂ ದಾಟಿರಲಿಲ್ಲ. ಆ ಮಧ್ಯಾಹ್ನ ಬಸುರಿ ಚಿಗವ್ವ ಸೆರಗಿನಲ್ಲಿ ಮುಚ್ಚಿ ತಂದ ತತ್ತಿಯನ್ನು ಬಟ್ಟಲ ನೀರಿಗೆ ಒಡೆದು, ತವರಿನವರು ಕೊಟ್ಟ ಮೈಕ್ರೋವೇವಿನಲ್ಲಿಟ್ಟಳು. ಚುಚ್ಚಬೇಕೆಂದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲು ತೆಗೆದಾಗ ಢಂ ಎಂದು ಸಿಡಿದ ಹಳದಿ ಅವಳ ಕೆನ್ನೆಗೂ ದೇವರ ಜಗಲಿಗೂ ಬಡಿಯಿತು.

ಸದ್ದಿಗೆ ಅವಳ ಗಂಡ, ನಮ್ಮ ಕಾಕಾ, ಓಡಿಬಂದ. "ದೇವರ ಮುಂದ ಹೊಲಸು ಕುದಸ್ತಿಯೇನ?" ಎಂದು ಸುಟ್ಟ ಕೆನ್ನೆಗೇ ಹೊಡೆದ. ಮೈಕ್ರೋವೇವನ್ನು ಎತ್ತಿ ಅಂಗಳದ ಕಲ್ಲಿಗೆ ಅಪ್ಪಳಿಸಿದ.

"ದವಾಖಾನ್ಯಾಗ ಹೇಳ್ಯಾರ್ರಿ, ಕೂಸಿಗೆ ಬೇಕಂತ," ಎಂದಳು ಚಿಗವ್ವ.

"ನನ್ನ ಕೂಸು ಇದನ್ನ ತಿನ್ನಂಗಿಲ್ಲ!"

ಚಿಗವ್ವ ಕೆನ್ನೆಯ ಹಳದಿಯನ್ನು ಏಟಿಗೆ ಒಡೆದ ತುಟಿಯ ರಕ್ತದೊಂದಿಗೇ ಬೆರಳಿಂದ ಬಳಿದು ಬಾಯಿಗಿಟ್ಟಳು. ಅವನನ್ನೇ ನೋಡುತ್ತ ನುಂಗಿದಳು.