ಗೌರವ್ವನ ಮನೆ ಮುಂದಿನ ಬಿರುಕು

ಬೀದಿಯ ಬಿರುಕುಗಳು ಡಾಂಬರಿಗೆ ಜಗ್ಗದೆ, ಜನರ ಬರಿಗಾಲಿನ ತುಳಿತಕ್ಕೆ ಮಾತ್ರ ಕೂಡಿಕೊಳ್ಳತೊಡಗಿ ವರ್ಷಗಳೇ ಆಗಿದ್ದವು. ನಗರಸಭೆಯ ನಡಿಗೆ ಕೆಲಸದ ಇಂದುಮತಿ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡು ದಿನವೂ ಓಣಿ ಓಣಿ ಸುತ್ತುತ್ತಿದ್ದಳು. ಎಲ್ಲ ಕಡೆ ನೆಲ ಕೂಡುತ್ತಿತ್ತು. ಗೌರವ್ವನ ಮನೆಯ ಮುಂದೆ ಮಾತ್ರ ಬಾಯಿ ಬಿಡುತ್ತಲೇ ಇತ್ತು. ಬಿರುಕು ಇನ್ನೊಂದು ಗೇಣು ಅಗಲವಾದರೆ ಓಣಿಗೆ ಆಟೊ ಬರುವಂತಿರಲಿಲ್ಲ. ಗೌರವ್ವನ ಗಂಡನನ್ನು ಡಯಾಲಿಸಿಸ್‌ಗೆ ಒಯ್ಯುತ್ತಿದ್ದದ್ದು ಆ ಆಟೊವೇ.

ಅಂದು ಬೆಳಿಗ್ಗೆ ಗೌರವ್ವ ಬಿರುಕಿನ ಮೇಲೆಯೇ ರಂಗೋಲಿಯ ನವಿಲು ಬಿಡಿಸುತ್ತಿದ್ದಳು.

“ದಿನಾ ಇಲ್ಲೇ ಹಾಕ್ತೀರಲ್ರಿ, ಗೌರವ್ವಾರ?” ಎಂದಳು ಇಂದುಮತಿ.

“ಹೂಂ ಮತ್ತ. ನೆಲಾ ನೊಂದೈತಿ, ಛಲೋ ಕಾಣ್ಲಿ ಅಂತ. ಒಬ್ರೂ ತುಳಿಯಂಗಿಲ್ಲ ನೋಡವಾ, ನನ್ನ ರಂಗೋಲಿ ಅಂದ್ರ ಅಷ್ಟು ಮರ್ಯಾದಿ!”

ಇಂದುಮತಿ ತನ್ನ ಬರಿಗಾಲು ನೋಡಿಕೊಂಡಳು. ತಾನೂ ದಿನಾ ರಂಗೋಲಿ ತುಳಿಯದೆ ಪಕ್ಕಕ್ಕೆ ಸರಿದೇ ದಾಟಿದ್ದಳಲ್ಲ!

“ತುಳಿಯದ್ದಕ್ಕೇ ಇದು ಕೂಡವಲ್ದು ರೀ,” ಎಂದಳು ಮೆಲ್ಲಗೆ.

ಗೌರವ್ವ ಕೈಯಲ್ಲಿದ್ದ ರಂಗೋಲಿ ಪುಡಿಯನ್ನು ಡಬ್ಬಿಗೆ ಸುರಿದಳು. ಆಮೇಲೆ ಎದ್ದು ಕಾಲೆತ್ತಿದಳು; ಇಡಲಾಗದೆ ಹಿಂದೆಳೆದುಕೊಂಡಳು.

“ನನ್ನ ಕೈಲೆ ಆಗಂಗಿಲ್ಲವಾ, ನೀನೇ ತುಳಿ. ನವಿಲಿನ ಕುತ್ತಿಗಿ ಮ್ಯಾಲ ಗಟ್ಟಿ ತುಳಿ, ಅಲ್ಲೇ ಭಾಳ ಸೀಳೈತಿ,” ಎಂದು ಗೋಡೆಯ ಕಡೆ ಮುಖ ತಿರುಗಿಸಿ ನಿಂತಳು.