ಬಿರುಸಾದ ಹೋಳು

ನಕಲು ಮಾಡಲು ಹಿಂದಿನ ವರ್ಷದವರ ಲ್ಯಾಬ್ ರೆಕಾರ್ಡ್ ಪುಸ್ತಕ ಹುಲಿಗೆಮ್ಮನಿಗೆ ಸಿಕ್ಕಿರಲಿಲ್ಲ. ಹಾಗಾಗಿ ಪ್ರಾಕ್ಟಿಕಲ್ ಪರೀಕ್ಷೆಯ ಅಭಿಸರಣೆ ಪ್ರಯೋಗದಲ್ಲಿ ಅವಳು ಕಂಡದ್ದನ್ನೇ ಬರೆದಳು. ಪೂರ್ತಿ ಅಂಕ ಬಂದರಷ್ಟೇ ಅವಳಿಗೆ ನರ್ಸಿಂಗ್ ಸೀಟು.

“ಉಪ್ಪುನೀರಾಗ ಆಲೂಗಡ್ಡಿ ಹೋಳು ಮೆತ್ತಗಾಗ್ಬೇಕವ್ವಾ. ಎಲ್ಲಾರೂ ಹಂಗ ಬರದಾರ. ನಿಂದೊಂದ ಬಿರುಸಾತೇನು?” ಎಂದರು ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು.

“ಮುಟ್ಟಿ ನೋಡ್ರಿ ಸರ್.”

ಹೋಳು ಬಿರುಸಾಗಿಯೇ ಇತ್ತು. ಅವರು ಬಟ್ಟಲಿನ ನೀರನ್ನು ನಾಲಿಗೆಗೆ ಹಚ್ಚಿ ನೋಡಿದರು. ಬರೀ ಸಪ್ಪೆ.

“ಉಪ್ಪೆಲ್ಲಿ ಹೋತೋ?” ಎಂದು ಲ್ಯಾಬಿನ ಅಟೆಂಡರನನ್ನು ಕೇಳಿದರು.

“ನಿಮ್ಮ ಊಟದ ಸಾರಿಗೆ ಕಡಿಮಿ ಬಿದ್ದಿತ್ರಿ ಸರ್,” ಎಂದ ಅವನು.

ಪರೀಕ್ಷಕರು ನಕ್ಕು ಅವಳ ಬೆನ್ನು ತಟ್ಟಿದರು. “ಶಾಣ್ಯಾಕಿ ಅದಿಯವ್ವಾ. ಆದ್ರ ನಿಂದು ಖರೇ ಅಂತ ಬರದ್ರ ಉಳಿದವರದೆಲ್ಲಾ ಸುಳ್ಳಾಗತೈತಲ್ಲ!”

ಹುಲಿಗೆಮ್ಮನ ಐದು ಅಂಕ ಹೋದವು.